ಅದಿರಿನ ಧೂಳು, ಎರೆ ಮಣ್ಣು, ಬಿಸಿಲಿನ ಕಾವು: ಚರ್ಮದ ಕೆಲಸದ ಬೂಟು ಆರಿಸುವ, ಹೊಂದಿಸುವ, ಬಾಳಿಸುವ ಸಮಗ್ರ ಮಾರ್ಗದರ್ಶಿ

ಸಂಡೂರು, ದೋಣಿಮಲೈ ಗಣಿಗಳಲ್ಲಿ, ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ, ಕುಡುತಿನಿ ಮತ್ತು ಶಕ್ತಿನಗರದ ಶಾಖೋತ್ಪನ್ನ ಕೇಂದ್ರಗಳಲ್ಲಿ, ಹಟ್ಟಿಯ ಚಿನ್ನದ ಗಣಿಯಲ್ಲಿ, ಗಿಣಿಗೇರಾ ಸುತ್ತಿನ ಕಬ್ಬಿಣದ ಘಟಕಗಳಲ್ಲಿ, ಗಂಗಾವತಿ, ಕಾರಟಗಿ, ಸಿಂಧನೂರಿನ ರೈಸ್ ಮಿಲ್‌ಗಳಲ್ಲಿ ಜನ ಹಾಕುವ ಕಪ್ಪು ಚರ್ಮದ ಬೂಟು ಹೊರನೋಟಕ್ಕೆ ಒಂದೇ ಥರ. ಹಾಳಾಗುವ ಬಗೆ ಮಾತ್ರ ಒಂದೊಂದು ಕಡೆ ಒಂದೊಂದು. ಗಣಿಯಲ್ಲಿ ಹೊಲಿಗೆ ಸವೆದು ಬಿಚ್ಚುತ್ತದೆ. ಬೂದಿ, ಸಿಮೆಂಟಿನ ಕೆಲಸದಲ್ಲಿ ಚರ್ಮ ಒಣಗಿ ಸೀಳುತ್ತದೆ. ಕುಲುಮೆಯ ಹತ್ತಿರ ಅಟ್ಟೆ ಕರಗುತ್ತದೆ. ನೀರಿನ ಕೆಲಸದಲ್ಲಿ ಒಳಗಿನಿಂದಲೇ ಕೊಳೆಯುತ್ತದೆ. ಆದ್ದರಿಂದ ನಿಲ್ಲುವ ನೆಲ ಯಾವುದೆಂದು ನೋಡಿ ಬೂಟಿನ ಜಾತಿ ಆರಿಸಬೇಕು, ಕಾಲು ಅಳೆದು ಸೈಜು ಆರಿಸಬೇಕು. ಅಂಗಡಿಯಲ್ಲಿ ಹೆಚ್ಚಿನವರು ಎರಡನ್ನೂ ಬಿಟ್ಟು ಬೆಲೆ ಮತ್ತು ಹೊಳಪು ನೋಡಿ ಎದ್ದು ಬರುತ್ತಾರೆ.

ಮೊದಲು ಕಾಲು ಅಳೆಯಿರಿ

ಅಳತೆ ಸಂಜೆ ತೆಗೆಯಬೇಕು. ದಿನವಿಡೀ ನಿಂತ ಕಾಲು ಬೆಳಗಿನದಕ್ಕಿಂತ ಊದಿರುತ್ತದೆ, ಬೇಸಿಗೆಯಲ್ಲಿ ಇನ್ನೂ ಜಾಸ್ತಿ. ಬೆಳಿಗ್ಗೆ ಸರಿಯೆನಿಸಿದ ಬೂಟು ಮಧ್ಯಾಹ್ನ 3 ಗಂಟೆಗೆ ಹಿಂಡಲು ಶುರು ಮಾಡುವುದು ಇದರಿಂದಲೇ.

ಕೆಲಸಕ್ಕೆ ಹಾಕುವ ದಪ್ಪ ಕಾಲುಚೀಲವನ್ನೇ ಹಾಕಿಕೊಳ್ಳಿ. ಗೋಡೆಗೆ ಒತ್ತಿ ನೆಲದ ಮೇಲೆ ಒಂದು ಬಿಳಿ ಹಾಳೆ ಇಟ್ಟು, ಹಿಮ್ಮಡಿ ಗೋಡೆಗೆ ತಾಗುವಂತೆ ನಿಲ್ಲಿ. ಕೂತು ಅಳೆದರೆ ಅಳತೆ ಕಡಿಮೆ ಬರುತ್ತದೆ. ಮೈಭಾರ ಪೂರ್ತಿ ಆ ಕಾಲಿನ ಮೇಲಿರಲಿ. ಇನ್ನೊಬ್ಬರ ಕೈಗೆ ಪೆನ್ಸಿಲ್ ಕೊಟ್ಟು ಅತಿ ಉದ್ದದ ಬೆರಳಿನ ತುದಿಗೆ ಗೆರೆ ಹಾಕಿಸಿ. ಕೆಲವರಿಗೆ ಹೆಬ್ಬೆರಳಿಗಿಂತ ಪಕ್ಕದ ಬೆರಳೇ ಉದ್ದ, ಅದನ್ನೇ ಲೆಕ್ಕಕ್ಕೆ ಹಿಡಿಯಬೇಕು. ಆಮೇಲೆ ಪಾದದ ಅತಿ ಅಗಲವಾದ ಜಾಗಕ್ಕೆ, ಅಂದರೆ ಹೆಬ್ಬೆರಳಿನ ಬುಡದ ಗಂಟು ಮತ್ತು ಕಿರುಬೆರಳಿನ ಬುಡದ ಗಂಟಿಗೆ, ಎರಡೂ ಕಡೆ ಗುರುತು ಹಾಕಿ. ಎರಡೂ ಕಾಲು ಅಳೆಯಿರಿ. ಒಂದು ಕಾಲು ಇನ್ನೊಂದಕ್ಕಿಂತ ದೊಡ್ಡದಿರುವುದು ಮಾಮೂಲು, ದೊಡ್ಡ ಕಾಲಿಗೆ ಬೂಟು ಆರಿಸಬೇಕು.

ನಮ್ಮಲ್ಲಿ ಸೇಫ್ಟಿ ಬೂಟಿನ ಮೇಲೆ ಬರುವ 6, 7, 8, 9 ಎಂಬ ಸಂಖ್ಯೆ ಬ್ರಿಟಿಷ್ ಅಳತೆಯದು. ಒಂದು ಸೈಜಿಗೂ ಮುಂದಿನದಕ್ಕೂ ಇಂಚಿನ ಮೂರನೇ ಒಂದು ಭಾಗ, ಅಂದರೆ ಸುಮಾರು 8.5 ಮಿ.ಮೀ. ವ್ಯತ್ಯಾಸ. ಪಾದದ ಉದ್ದ 24.6 ಸೆಂ.ಮೀ. ಆಸುಪಾಸಿದ್ದರೆ 6, 25.4 ಇದ್ದರೆ 7, 26.2 ಇದ್ದರೆ 8, 27.1 ಇದ್ದರೆ 9, 27.9 ಇದ್ದರೆ 10. ಇದು ಶುರು ಮಾಡಲು ಒಂದು ಅಂದಾಜು, ಅಷ್ಟೆ. ಕಂಪನಿಯಿಂದ ಕಂಪನಿಗೆ ಅಚ್ಚು ಬೇರೆ, ಹಾಗಾಗಿ ಅರ್ಧ ಸೈಜಿನ ಏರುಪೇರು ಇದ್ದೇ ಇರುತ್ತದೆ. ಎರಡು ಸೈಜಿನ ನಡುವೆ ಬಿದ್ದರೆ ದೊಡ್ಡದನ್ನೇ ತೆಗೆದುಕೊಳ್ಳಿ. ಸ್ವಲ್ಪ ದೊಡ್ಡದಾದ ಬೂಟನ್ನು ಇನ್‌ಸೋಲ್ (ಒಳಗೆ ಹಾಸುವ ಮೆತ್ತೆ) ಹಾಕಿ ಸರಿ ಮಾಡಬಹುದು, ಚಿಕ್ಕದಾದದ್ದನ್ನು ಏನು ಮಾಡಿದರೂ ಉದ್ದ ಮಾಡಲಾಗದು.

ಅಗಲವನ್ನು ಕಡೆಗಣಿಸಬೇಡಿ. ಚಿಕ್ಕಂದಿನಿಂದ ಬರಿಗಾಲಲ್ಲಿ, ಚಪ್ಪಲಿಯಲ್ಲಿ ಓಡಾಡಿದ ಕಾಲು ಮುಂದೆ ಹರಡಿಕೊಂಡಿರುತ್ತದೆ. ಊರುಗಳಿಂದ ಕೆಲಸಕ್ಕೆ ಬರುವ ಬಹಳ ಜನರ ಪಾದ ಹೀಗೆಯೇ. ಕಿರಿದಾದ ಅಚ್ಚಿನ ಬೂಟು ಇಂಥ ಕಾಲಿಗೆ ಹೊಂದುವುದಿಲ್ಲ. ಅಗಲ ಸಾಲದೆಂದು ಎರಡು ಸೈಜು ದೊಡ್ಡದು ಕೊಂಡರೆ ಹಿಮ್ಮಡಿ ಒಳಗೆ ಜಾರಿ ಗುಳ್ಳೆ ಏಳುತ್ತದೆ, ಬೂಟು ಮಡಚಬೇಕಾದ ಜಾಗ ಬೆರಳಿನ ಬುಡಕ್ಕೆ ಬರದೆ ಮುಂದಕ್ಕೆ ಹೋಗುತ್ತದೆ. ಹಾಳೆಯ ಮೇಲಿನ ಗುರುತಿನ ಅಗಲವನ್ನು ಬೂಟಿನ ಒಳಗಿಂದ ತೆಗೆದ ಇನ್‌ಸೋಲ್ ಮೇಲೆ ಇಟ್ಟು ನೋಡಿ. ಪಾದ ಇನ್‌ಸೋಲಿನ ಅಂಚು ದಾಟಿ ಎರಡೂ ಕಡೆ 3 ಮಿ.ಮೀ.ಗಿಂತ ಹೆಚ್ಚು ಹೊರಬಂದರೆ ಆ ಅಚ್ಚು ನಿಮ್ಮದಲ್ಲ, ಬೇರೆ ಕಂಪನಿಯದು ನೋಡಿ.

ಹೆಣ್ಣುಮಕ್ಕಳಿಗೆ ಈ ತೊಂದರೆ ಇನ್ನೊಂದು ಥರ. ಗಂಡಸರ ಅಚ್ಚನ್ನೇ ಚಿಕ್ಕದು ಮಾಡಿ 4, 5 ಎಂದು ಮಾರುವ ಬೂಟಿನಲ್ಲಿ ಹಿಮ್ಮಡಿಯ ಬಟ್ಟಲು ಅವರ ಕಾಲಿಗೆ ಅಗಲ. ಮುಂದೆ ಸರಿಯಾಗಿ ಕೂತರೂ ಹಿಂದೆ ಎದ್ದೇಳುತ್ತದೆ. ಹೆಂಗಸರ ಅಚ್ಚಿನದೇ ಕೇಳಿ ತರಿಸಬೇಕು. ಸಿಗದಿದ್ದರೆ ಹಿಮ್ಮಡಿಗೆ ಅಂಟಿಸುವ ಮೆತ್ತೆ ಮತ್ತು ಮುಂದೆ ಹೇಳುವ ಲೇಸಿನ ಕಟ್ಟು ಬಳಸಬೇಕು.

ಅಂಗಡಿಯಲ್ಲಿ ಹಾಕಿ ನೋಡುವ ಕ್ರಮ

ಸಾದಾ ಶೂ ಕೊಳ್ಳುವಾಗ ಮುಂದೆ ಹೆಬ್ಬೆರಳಿಂದ ಒತ್ತಿ ಜಾಗ ನೋಡುವ ರೂಢಿ ಇದೆ. ಬೆರಳು ಕಾಯುವ ಉಕ್ಕಿನ ಟೋ ಕ್ಯಾಪ್ ಇರುವ ಬೂಟಿನಲ್ಲಿ ಅದು ನಡೆಯುವುದಿಲ್ಲ, ಒತ್ತಿದರೆ ಸಿಗುವುದು ಉಕ್ಕು. ಬದಲಿಗೆ ಹೀಗೆ ಮಾಡಿ. ಲೇಸು ಪೂರ್ತಿ ಸಡಿಲಿಸಿ, ಬೆರಳು ಕ್ಯಾಪಿಗೆ ತಾಗುವವರೆಗೆ ಕಾಲನ್ನು ಮುಂದಕ್ಕೆ ತಳ್ಳಿ ನಿಲ್ಲಿ. ಈಗ ಹಿಮ್ಮಡಿಯ ಹಿಂದೆ ನಿಮ್ಮ ತೋರುಬೆರಳು ಒಂದು ಇಳಿಯಬೇಕು. ಇಳಿಯದಿದ್ದರೆ ಬೂಟು ಗಿಡ್ಡ, ಎರಡು ಬೆರಳು ಇಳಿದರೆ ಉದ್ದ. ಆಮೇಲೆ ಹಿಮ್ಮಡಿಯನ್ನು ಹಿಂದಕ್ಕೆ ಬಡಿದು ಕೂರಿಸಿ ಲೇಸು ಬಿಗಿಯಿರಿ. ಬೆರಳಿಗೂ ಕ್ಯಾಪಿಗೂ ನಡುವೆ 10ರಿಂದ 12 ಮಿ.ಮೀ. ಜಾಗ ಉಳಿದಿರುತ್ತದೆ.

ಎರಡನೆಯದು, ಮೊಣಕಾಲೂರಿ ಕೂರಿ. ವೆಲ್ಡರ್, ಫಿಟ್ಟರ್, ಟೈಲ್ಸ್ ಹಾಕುವವರು ದಿನದಲ್ಲಿ ಎಷ್ಟು ಸಲ ಹೀಗೆ ಕೂರುತ್ತಾರೋ ಅಷ್ಟು ಸಲ ಬೂಟು ಬೆರಳ ಬುಡದಲ್ಲಿ ಮಡಚುತ್ತದೆ. ಆಗ ಟೋ ಕ್ಯಾಪಿನ ಹಿಂದಿನ ಅಂಚು ಬೆರಳುಗಳ ಮೇಲೆ ಕಚ್ಚುತ್ತಿದೆಯೇ ಗಮನಿಸಿ. ಹೊಸ ಬೂಟಿನಲ್ಲಿ ಕಚ್ಚಿದ್ದು ಹಳೆಯದಾದ ಮೇಲೂ ಕಚ್ಚುತ್ತದೆ. ಚರ್ಮ ಮೆತ್ತಗಾಗಬಹುದು, ಉಕ್ಕು ಮೆತ್ತಗಾಗದು. ಇಲ್ಲಿ ಅಂಗಡಿಯವರು ಹೇಳುವ "ಹಾಕ್ತಾ ಹಾಕ್ತಾ ಸರಿ ಹೋಗ್ತದ್ರಿ" ಎಂಬ ಮಾತನ್ನು ನಂಬಬೇಡಿ.

ಮೂರನೆಯದು, ಇಳಿಜಾರು. ಗಣಿಯ ರಸ್ತೆ, ಕನ್ವೇಯರ್ ಪಕ್ಕದ ಮೆಟ್ಟಿಲು ಇಳಿಯುವವರು ಅಂಗಡಿಯ ಮೆಟ್ಟಿಲನ್ನಾದರೂ ನಾಲ್ಕು ಸಲ ಇಳಿದು ನೋಡಬೇಕು. ಬೆರಳು ಮುಂದೆ ಬಡಿದರೆ, ಆ ಬೂಟಿನಲ್ಲಿ ದುಡಿಯುತ್ತ ಉಗುರು ಕಪ್ಪಾಗಿ ಬಿದ್ದುಹೋಗುತ್ತದೆ. ಹತ್ತುವಾಗ ಹಿಮ್ಮಡಿ ಸ್ವಲ್ಪ ಏಳುವುದು ಬೇರೆ ವಿಷಯ. ಅಟ್ಟೆ ಗಡುಸಾಗಿರುವ ಹೊಸ ಬೂಟಿನಲ್ಲಿ 5–6 ಮಿ.ಮೀ. ಎದ್ದರೆ ಚಿಂತೆ ಬೇಡ, ಅಟ್ಟೆ ಬಾಗಲು ಕಲಿತ ಮೇಲೆ ಅದು ಕಡಿಮೆಯಾಗುತ್ತದೆ.

ನೆಲಕ್ಕೆ ತಕ್ಕ ಅಟ್ಟೆ

ನಮ್ಮ ಕಡೆ ಅತಿ ಹೆಚ್ಚು ಮಾರಾಟವಾಗುವುದು ಪಿ.ಯು. ಅಟ್ಟೆಯ ಬೂಟು. ಚರ್ಮದ ಮೇಲ್ಭಾಗವನ್ನು ಅಚ್ಚಿನಲ್ಲಿ ಹಿಡಿದು ಅದರ ಕೆಳಗೆ ನೇರವಾಗಿ ಪಾಲಿಯುರೆಥೇನ್ ಹೊಯ್ಯುತ್ತಾರೆ. ಹಗುರ, ಮೆತ್ತಗೆ, ದಿನವಿಡೀ ನಿಲ್ಲುವವರಿಗೆ ಹಿತ. ಎರಡು ಪದರದ್ದಾದರೆ ಒಳಪದರ ಮೆತ್ತಗೆ, ನೆಲಕ್ಕೆ ತಾಗುವ ಪದರ ಗಟ್ಟಿ. ಗೋದಾಮು, ರೈಸ್ ಮಿಲ್, ಕಾಂಕ್ರೀಟ್ ನೆಲದ ವರ್ಕ್‌ಶಾಪ್‌ಗೆ ಇದೇ ಸಾಕು. ಆದರೆ ಇದಕ್ಕೆ ಮೂರು ಶತ್ರುಗಳಿವೆ. ಒಂದು ಕಾವು: ಬಿಸಿ ಸ್ಲ್ಯಾಗ್ (ಲೋಹದ ಕಿಟ್ಟ), ಕುಲುಮೆಯ ಪಕ್ಕದ ತಗಡಿನ ಮೇಲೆ ನಿಂತರೆ ಮೆತ್ತಗಾಗಿ ಆಕಾರ ಕೆಡುತ್ತದೆ. ಇನ್ನೊಂದು ಚೂಪು ಕಲ್ಲು: ಕುಷ್ಟಗಿ ಕಡೆಯ ಗ್ರಾನೈಟ್ ಕ್ವಾರಿಯಲ್ಲಿ, ಜೆಲ್ಲಿ ಕ್ರಷರ್‌ನಲ್ಲಿ ಅಟ್ಟೆಯ ಹಲ್ಲು ತುಂಡು ತುಂಡಾಗಿ ಹಾರುತ್ತದೆ. ಮೂರನೆಯದು ತೇವ ಮತ್ತು ವಯಸ್ಸು. ಗಾಳಿಯ ತೇವದಿಂದ ಪಾಲಿಯುರೆಥೇನ್ ನಿಧಾನವಾಗಿ ಒಡೆಯುತ್ತ ಹೋಗುತ್ತದೆ, ಬಿಸಿ ಕೋಣೆಯಲ್ಲಿ ಇನ್ನೂ ಬೇಗ. ಡಬ್ಬಿಯಲ್ಲಿ ನಾಲ್ಕೈದು ವರ್ಷ ಇಟ್ಟ ಹೊಸ ಬೂಟು ಹಾಕಿದ ವಾರದಲ್ಲೇ ಪುಡಿಪುಡಿಯಾಗಿ ಉದುರಬಹುದು. ಆದ್ದರಿಂದ ಕೊಳ್ಳುವ ಮುನ್ನ ಬೂಟಿನ ನಾಲಗೆಯ ಒಳಗೆ ಅಥವಾ ಅಟ್ಟೆಯ ಕೆಳಗೆ ಅಚ್ಚೊತ್ತಿದ ತಿಂಗಳು, ವರ್ಷ ನೋಡಿ. ಎರಡು ವರ್ಷ ದಾಟಿದ ಮಾಲು ಅಗ್ಗಕ್ಕೆ ಕೊಟ್ಟರೂ ಬೇಡ. ನಾಳೆಗಿರಲಿ ಎಂದು ಎರಡು ಮೂರು ಜೊತೆ ಕೊಂಡು ತಗಡಿನ ಮನೆಯ ಅಟ್ಟದ ಮೇಲೆ ಇಡುವುದೂ ನಷ್ಟವೇ.

ಉಕ್ಕಿನ ಕಾರ್ಖಾನೆ, ಫೌಂಡ್ರಿ, ಬಿಸಿ ಟಾರಿನ ರಸ್ತೆ ಕೆಲಸಕ್ಕೆ ನೈಟ್ರೈಲ್ ರಬ್ಬರ್ ಅಟ್ಟೆ ಬೇಕು. ಬೂಟಿನ ಮೇಲೆ ಎಚ್.ಆರ್.ಒ. ಎಂಬ ಗುರುತಿದ್ದರೆ ಆ ಅಟ್ಟೆ 300 ಡಿಗ್ರಿ ಸೆಲ್ಸಿಯಸ್ ಬಿಸಿಯ ಮೇಲೆ 60 ಸೆಕೆಂಡು ತಾಳುವ ಪರೀಕ್ಷೆ ದಾಟಿದೆ ಎಂದರ್ಥ. 60 ಸೆಕೆಂಡು ಎಂಬುದನ್ನು ನೆನಪಿಡಿ. ಇಡೀ ಶಿಫ್ಟು ಬಿಸಿ ತಗಡಿನ ಮೇಲೆ ನಿಲ್ಲಬಹುದೆಂದು ಅದು ಹೇಳುವುದಿಲ್ಲ. ರಬ್ಬರ್ ಭಾರ, ಕಾಲು ಬೇಗ ದಣಿಯುತ್ತದೆ. ಒಳಗೆ ಪಿ.ಯು., ಹೊರಗೆ ರಬ್ಬರ್ ಇರುವ ಜೋಡಿ ಅಟ್ಟೆ ಸಿಕ್ಕರೆ ಗಣಿಗೂ ಕ್ವಾರಿಗೂ ಅದೇ ಒಳ್ಳೆಯದು.

ಇನ್ನು ಹಳೆಯ ಕಾಲದ ಗುಡ್‌ಇಯರ್ ವೆಲ್ಟ್ ಬೂಟು. ಮೇಲ್ಚರ್ಮ, ಒಳ ಅಟ್ಟೆ ಮತ್ತು ಸುತ್ತ ಓಡುವ ಒಂದು ಚರ್ಮದ ಪಟ್ಟಿಯನ್ನು ಸೇರಿಸಿ ಒಂದು ಹೊಲಿಗೆ, ಆ ಪಟ್ಟಿಗೆ ಹೊರ ಅಟ್ಟೆಯನ್ನು ಸೇರಿಸಿ ಇನ್ನೊಂದು ಹೊಲಿಗೆ. ಹೊರ ಹೊಲಿಗೆ ಬಿಚ್ಚಿದರೆ ಅಟ್ಟೆ ಮಾತ್ರ ಬದಲಾಗುತ್ತದೆ, ಬೂಟಿನ ಮೈಗೆ ಏನೂ ಆಗುವುದಿಲ್ಲ. ಬೆಲೆ ಹೆಚ್ಚು, ಮೊದಲ ವಾರಗಳಲ್ಲಿ ಗಡುಸು, ಆದರೆ ಎರಡು ಮೂರು ಅಟ್ಟೆ ಕಾಣುವಷ್ಟು ಬಾಳುತ್ತದೆ. ಹೊಯ್ದ ಪಿ.ಯು. ಅಟ್ಟೆಗೆ ಈ ಅನುಕೂಲವಿಲ್ಲ, ಅಟ್ಟೆ ಹೋದರೆ ಬೂಟು ಹೋದಂತೆ.

ಹಟ್ಟಿಯಂಥ ಆಳದ ಗಣಿಯಲ್ಲಿ ನೀರು ನಿಂತ ಕಡೆ, ಗದ್ದೆಯ ಕೆಸರಿನಲ್ಲಿ, ಮಿಲ್‌ನ ಭತ್ತ ಬೇಯಿಸುವ ತೊಟ್ಟಿಯ ಬಳಿ ದಿನವಿಡೀ ಇರುವವರಿಗೆ ಚರ್ಮ ಬೇಡವೇ ಬೇಡ. ಕ್ಯಾಪ್ ಇರುವ ಗಮ್‌ಬೂಟ್ ಹಾಕಬೇಕು.

ಚರ್ಮವನ್ನು ಗುರುತಿಸುವುದು

ಕೆಲಸದ ಬೂಟಿಗೆ ನಮ್ಮಲ್ಲಿ ಬಳಕೆಯಾಗುವುದು ಹೆಚ್ಚಾಗಿ ಎಮ್ಮೆಯ ಚರ್ಮ. ದಪ್ಪ 1.8ರಿಂದ 2.2 ಮಿ.ಮೀ. ಇರಬೇಕು. ಅಂಗಡಿಯಲ್ಲಿ ಬಫ್ ಬಾರ್ಟನ್ ಎಂದು ಹೇಳುವುದು ಮೇಲ್ಪದರದ ಮೇಲೆ ಕಾಳುಕಾಳಾದ ಅಚ್ಚು ಒತ್ತಿದ ಚರ್ಮ. ಗೀರು ಬಿದ್ದರೆ ಅಷ್ಟಾಗಿ ಕಾಣುವುದಿಲ್ಲ, ಬಾಳಿಕೆಯೂ ಚೆನ್ನ. ಎಚ್ಚರ ಬೇಕಾದದ್ದು ಸ್ಪ್ಲಿಟ್ ಚರ್ಮದ ವಿಷಯದಲ್ಲಿ. ಮೇಲ್ಪದರ ತೆಗೆದ ಮೇಲೆ ಉಳಿದ ಕೆಳಪದರಕ್ಕೆ ಪ್ಲಾಸ್ಟಿಕ್ ಲೇಪ ಬಳಿದು ಅದನ್ನೂ ಅಪ್ಪಟ ಚರ್ಮ ಎಂದೇ ಮಾರುತ್ತಾರೆ. ಮಾತು ಸುಳ್ಳಲ್ಲ, ಆದರೆ ಗಟ್ಟಿತನವೆಲ್ಲ ಮೇಲ್ಪದರದಲ್ಲಿತ್ತು.

ನೋಡುವ ಬಗೆ: ನಾಲಗೆಯ ಪಕ್ಕದಲ್ಲಿ ಅಥವಾ ಮೇಲಂಚಿನಲ್ಲಿ ಕತ್ತರಿಸಿದ ಅಂಚು ಹುಡುಕಿ. ಒಳ್ಳೆಯ ಚರ್ಮದಲ್ಲಿ ನಾರು ಮೇಲೆ ಹೋದಂತೆ ಒತ್ತೊತ್ತಾಗಿ ಮೇಲ್ಮೈಯಲ್ಲಿ ಸೇರಿಹೋಗಿರುತ್ತದೆ. ಸ್ಪ್ಲಿಟ್ ಆದರೆ ಹುರಿಹುರಿ ನಾರಿನ ಮೇಲೆ ಬೇರೆಯದೇ ಒಂದು ತೆಳು ಪೊರೆ ಕಾಣುತ್ತದೆ. ಬೂಟಿನ ಮೇಲ್ಮೈಯನ್ನು ಹೆಬ್ಬೆರಳಿನಿಂದ ಒತ್ತಿದಾಗ ಸುತ್ತ ಸಣ್ಣ ಸುಕ್ಕು ಹರಡಿ, ಬಿಟ್ಟರೆ ಮಾಯವಾಗಬೇಕು. ದೊಡ್ಡ ಸಡಿಲ ಮಡಿಕೆ ಬಿದ್ದು ಹಾಗೇ ನಿಂತರೆ ಅದು ಹೊಟ್ಟೆಭಾಗದ ಪೊಳ್ಳು ಚರ್ಮ. ಅಟ್ಟೆ ಸೇರುವ ಕಡೆಗಿಂತ ಮೊದಲು ಅದು ಬೆರಳಿನ ಮಡಿಕೆಯಲ್ಲಿ ಸೀಳುತ್ತದೆ.

ಗುರುತುಗಳನ್ನು ಓದಿ. ಐ.ಎಸ್.ಐ. ಮುದ್ರೆಯ ಜೊತೆ ಐ.ಎಸ್. 15298 ಭಾಗ 2 ಎಂದಿದ್ದರೆ ಟೋ ಕ್ಯಾಪ್ 200 ಜೂಲ್ ಹೊಡೆತಕ್ಕೆ ತಯಾರಾದದ್ದು: ಸುಮಾರು 20 ಕೆ.ಜಿ. ತೂಕ 1 ಮೀಟರ್ ಎತ್ತರದಿಂದ ಬಿದ್ದಷ್ಟು. ಭಾಗ 3 ಎಂದಿದ್ದರೆ ಅದು 100 ಜೂಲ್ ಮಾತ್ರ, ಭಾಗ 4 ಎಂದಿದ್ದರೆ ಕ್ಯಾಪ್ ಇರಲೇಬೇಕೆಂಬ ನಿಯಮವಿಲ್ಲ. ಅಗ್ಗದ ಬೂಟಿನಲ್ಲಿ ಈ ಭಾಗದ ಸಂಖ್ಯೆಯೇ ಮೋಸ ಮಾಡುವುದು. ಮುದ್ರೆಯ ಕೆಳಗಿನ ಸಿ.ಎಂ./ಎಲ್. ಸಂಖ್ಯೆಯನ್ನು ಬಿ.ಐ.ಎಸ್. ಕೇರ್ ಆ್ಯಪಿನಲ್ಲಿ ಹಾಕಿದರೆ ಪರವಾನಗಿ ಯಾರದು, ಚಾಲ್ತಿಯಲ್ಲಿದೆಯೇ ಎಂದು ತಿಳಿಯುತ್ತದೆ. ಬೂಟಿನ ಮೇಲೆ ಎಸ್1 ಎಂಬ ಗುರುತಿದ್ದರೆ ಅದು ಒಣ ಜಾಗಕ್ಕೆ. ಎಸ್3 ಎಂದರೆ ಮೇಲ್ಚರ್ಮ ನೀರನ್ನು ತಡೆಯುತ್ತದೆ, ಅಟ್ಟೆಯಲ್ಲಿ ಮೊಳೆ ತಡೆಯುವ ತಗಡು ಇದೆ, ಹಲ್ಲು ಆಳವಿದೆ. ಸೆಂಟ್ರಿಂಗ್ ಬಿಚ್ಚುವ ಕಡೆ ಹಲಗೆಯ ಮೊಳೆ ಮೇಲ್ಮುಖವಾಗಿ ಬಿದ್ದಿರುವುದರಿಂದ ಕಟ್ಟಡ ಕೆಲಸಕ್ಕೆ ಎಸ್3 ಬಿಟ್ಟು ಬೇರೆ ನೋಡಬೇಡಿ. ಗಣಿಗೆ ಡಿ.ಜಿ.ಎಂ.ಎಸ್. (ಗಣಿ ಸುರಕ್ಷತಾ ಮಹಾನಿರ್ದೇಶನಾಲಯ) ಅನುಮೋದನೆಯ ಬೂಟೇ ಆಗಬೇಕು. ಅದನ್ನು ಗಣಿಯ ಮಾಲೀಕರೇ ಪುಕ್ಕಟೆ ಕೊಡಬೇಕು, ಗುತ್ತಿಗೆಯವರ ಕೈಕೆಳಗೆ ದುಡಿಯುವವರೂ ಕೇಳಿ ಪಡೆಯಿರಿ.

ವಿದ್ಯುತ್ ಕೆಲಸದವರಿಗೆ ಒಂದು ಮಾತು, ಇದು ಜೀವದ ಪ್ರಶ್ನೆ. ಆ್ಯಂಟಿಸ್ಟ್ಯಾಟಿಕ್ ಬೂಟು ಮೈಯಲ್ಲಿ ಸೇರಿದ ವಿದ್ಯುತ್ತನ್ನು ನೆಲಕ್ಕೆ ಹರಿಯಬಿಡಲು ಮಾಡಿದ್ದು. ಅದು ಕರೆಂಟ್ ಹೊಡೆತವನ್ನು ತಡೆಯುವುದಿಲ್ಲ. ಲೈನಿನ ಮೇಲೆ ಕೆಲಸ ಮಾಡುವವರಿಗೆ ವಿದ್ಯುತ್ ನಿರೋಧಕವೆಂದೇ ಪರೀಕ್ಷೆಯಾದ, ಲೋಹವಿಲ್ಲದ ಬೂಟು ಬೇಕು.

ಹೊಸ ಬೂಟನ್ನು ಪಳಗಿಸುವುದು

ಹೊಸ ಬೂಟು ಹಾಕಿ ನೇರವಾಗಿ 12 ಗಂಟೆಯ ಶಿಫ್ಟಿಗೆ ಹೋಗಬೇಡಿ. ಮೊದಲ ಎರಡು ದಿನ ಮನೆಯಲ್ಲಿ ಒಂದೊಂದು ಗಂಟೆ, ಮುಂದಿನ ಎರಡು ದಿನ ಎರಡು ಮೂರು ಗಂಟೆ, ಆಮೇಲೆ ಅರ್ಧ ಶಿಫ್ಟು, ಎರಡನೇ ವಾರದಿಂದ ಪೂರ್ತಿ. ಅಲ್ಲಿಯವರೆಗೆ ಹಳೆಯದನ್ನು ಎಸೆಯಬೇಡಿ. ವೆಲ್ಟ್ ಬೂಟಿಗೆ ಇದರ ಎರಡರಷ್ಟು ಕಾಲ ಕೊಡಿ. ಪ್ರತಿ ಸಲ ಬಿಚ್ಚಿದಾಗ ಕಾಲುಚೀಲ ತೆಗೆದು ಕಾಲಿನ ಚರ್ಮ ನೋಡಿ. ಎಲ್ಲಿ ಕೆಂಪಾಗಿದೆಯೋ ಅಲ್ಲಿ ನಾಳೆ ಗುಳ್ಳೆ ಏಳಲಿದೆ. ಮರುದಿನ ಬೂಟು ಹಾಕುವ ಮುನ್ನವೇ ಆ ಜಾಗಕ್ಕೆ ಔಷಧಿ ಅಂಗಡಿಯ ಬಟ್ಟೆ ಪಟ್ಟಿಯನ್ನು ಸುಕ್ಕಿಲ್ಲದೆ ಅಂಟಿಸಿ.

ಒಂದೇ ಜಾಗ, ಉದಾಹರಣೆಗೆ ಕಿರುಬೆರಳಿನ ಗಂಟಿನ ಬಳಿ, ಒತ್ತುತ್ತಿದ್ದರೆ ಒಳಗಿಂದ ಆ ಜಾಗವನ್ನು ಮಾತ್ರ ಹಿಗ್ಗಿಸಬಹುದು. ಸ್ಪಿರಿಟ್ ಮತ್ತು ನೀರನ್ನು ಸಮಪಾಲು ಬೆರೆಸಿ ಹತ್ತಿಯಲ್ಲಿ ಅದ್ದಿ ಒಳಮೈಗೆ ಒತ್ತಿ, ದುಂಡು ತುದಿಯ ಸುತ್ತಿಗೆ ಹಿಡಿಯಿಂದ ಒಳಗಿಂದ ಹೊರಕ್ಕೆ ಹತ್ತು ನಿಮಿಷ ತಿಕ್ಕಿ. ದಪ್ಪ ಕಾಲುಚೀಲ ಹಾಕಿ ಒಣಗುವವರೆಗೆ ಬೂಟಿನಲ್ಲೇ ನಡೆದಾಡಿ. ಮರುದಿನ ಆ ಜಾಗಕ್ಕೆ ಹೊರಗಿಂದ ಎಣ್ಣೆ ಸವರಿ. ಇದು ಕ್ಯಾಪ್ ಇಲ್ಲದ ಭಾಗಕ್ಕೆ ಮಾತ್ರ. ಇಡೀ ಬೂಟನ್ನು ಬಕೆಟ್ ನೀರಲ್ಲಿ ಅದ್ದಿ ಹಾಕಿಕೊಳ್ಳುವ ರೂಢಿ ಕೆಲವರಲ್ಲಿದೆ. ಈಗಿನ ಬೂಟಿನ ಒಳಗೆ ರಟ್ಟು, ಸ್ಪಂಜು, ಅಂಟು ಇರುವುದರಿಂದ ಅದು ಹಾಳು ಮಾಡುವ ನೇರ ದಾರಿ.

ಲೇಸಿನ ಕಟ್ಟು ಅರ್ಧ ತೊಂದರೆ ನೀಗಿಸುತ್ತದೆ. ಹಿಮ್ಮಡಿ ಏಳುತ್ತಿದ್ದರೆ, ಪಾದ ಮುಗಿದು ಕಾಲು ಏರುವ ತಿರುವಿನಲ್ಲಿ ಎರಡೂ ಲೇಸನ್ನು ಒಂದರ ಸುತ್ತ ಒಂದು ಎರಡು ಸಲ ಹೊಸೆದು ಬಿಗಿಯಾಗಿ ಎಳೆಯಿರಿ, ಆಮೇಲೆ ಮೇಲಿನ ಕಣ್ಣುಗಳಿಗೆ ಹೋಗಿ. ಆ ಎರಡು ಸುತ್ತು ಬಿಗಿಯನ್ನು ಹಿಡಿದಿಡುತ್ತದೆ, ಕೆಳಗೆ ಸಡಿಲ, ಮೇಲೆ ಬಿಗಿ ಇಟ್ಟುಕೊಳ್ಳಲು ಬರುತ್ತದೆ. ಪಾದದ ಮೇಲಿನ ಉಬ್ಬು ನೋಯುತ್ತಿದ್ದರೆ ಆ ಉಬ್ಬಿನ ಮೇಲೆ ಲೇಸು ಅಡ್ಡ ಹಾಯಿಸದೆ ಎರಡೂ ಕಡೆ ನೇರವಾಗಿ ಮೇಲಿನ ಕಣ್ಣಿಗೆ ಏರಿಸಿ ಅಲ್ಲಿಂದ ಅಡ್ಡ ಹಾಕಿ. ಕುಲುಮೆ, ವೆಲ್ಡಿಂಗ್ ಕೆಲಸದವರು ಪ್ಯಾಂಟನ್ನು ಬೂಟಿನ ಒಳಗೆ ತುರುಕಬಾರದು. ಪ್ಯಾಂಟು ಬೂಟಿನ ಮೇಲೆ ಬಿದ್ದಿರಬೇಕು, ಇಲ್ಲದಿದ್ದರೆ ಕಿಡಿ ನೇರ ಕಾಲುಗಂಟಿಗೆ ಇಳಿಯುತ್ತದೆ.

ಬೆವರು

ಬಳ್ಳಾರಿ, ಕೊಪ್ಪಳ, ರಾಯಚೂರು, ನಮ್ಮ ಈ ಮೂರೂ ಜಿಲ್ಲೆಗಳಲ್ಲಿ ಮಳೆ ಕಡಿಮೆ, ಬೇಸಿಗೆಯಲ್ಲಿ 40 ಡಿಗ್ರಿ ದಾಟುವುದು ಮಾಮೂಲು. ಬೂಟಿಗೆ ನೀರು ಹೊರಗಿನಿಂದ ಬರುವುದಕ್ಕಿಂತ ಒಳಗಿನಿಂದ ಬರುವುದೇ ಹೆಚ್ಚು. ಬೆವರಿನ ಉಪ್ಪು ಚರ್ಮದ ನಾರಿನಲ್ಲಿ ಸೇರಿ, ಒಣಗಿದಾಗ ಹರಳುಗಟ್ಟಿ ಚರ್ಮವನ್ನು ಬಿರುಸಾಗಿಸುತ್ತದೆ. ಕಾಲುಗಂಟಿನ ಕೆಳಗೆ ಬಿಳಿ ಗೆರೆ ಮೂಡುವುದು ಅದೇ. ಒಳಗಿನ ಅಸ್ತರು ಹರಿಯುವುದು, ಹೊಲಿಗೆಯ ದಾರ ಕೊಳೆಯುವುದು, ವಾಸನೆ, ಬೆರಳ ಸಂದಿಯ ಕಡಿತ ಎಲ್ಲದರ ಮೂಲವೂ ಒದ್ದೆ ಬೂಟನ್ನು ಮರುದಿನ ಹಾಗೇ ಹಾಕುವುದು.

ಬೂಟು ಬಾಳಿಸಲು ಎಲ್ಲಕ್ಕಿಂತ ದೊಡ್ಡ ಉಪಾಯ ಎರಡು ಜೊತೆ ಇಟ್ಟುಕೊಂಡು ದಿನ ಬಿಟ್ಟು ದಿನ ಹಾಕುವುದು. ಒಂದು ಶಿಫ್ಟಿನ ಬೆವರು ಪೂರ್ತಿ ಆರಲು ಒಂದು ರಾತ್ರಿ ಸಾಲದು. ಎರಡನೇ ಜೊತೆಗೆ ದುಡ್ಡು ಒದಗದಿದ್ದರೆ ಎರಡನೇ ಜೊತೆ ಇನ್‌ಸೋಲನ್ನಾದರೂ ಕೊಳ್ಳಿ, ಬೆವರಿನ ಬಹುಪಾಲು ಅದರಲ್ಲೇ ಇರುತ್ತದೆ. ಮನೆಗೆ ಬಂದ ಕೂಡಲೇ ಇನ್‌ಸೋಲ್ ಹೊರತೆಗೆದು, ಲೇಸು ಸಡಿಲಿಸಿ, ನಾಲಗೆ ಮುಂದಕ್ಕೆ ಎಳೆದು, ನೆರಳಲ್ಲಿ ಗಾಳಿ ಆಡುವ ಕಡೆ ಇಡಿ. ಪೂರ್ತಿ ನೆನೆದಿದ್ದರೆ ಹಳೆ ಪೇಪರ್ ಮುದುಡಿ ತುಂಬಿ, ಎರಡು ಗಂಟೆಗೊಮ್ಮೆ ಬದಲಿಸಿ. ಬಿಸಿಲಿನ ಮಾಳಿಗೆ, ತಗಡಿನ ಶೀಟು, ಬೈಕಿನ ಸೈಲೆನ್ಸರ್, ಒಲೆಯ ಪಕ್ಕ ಯಾವುದೂ ಬೇಡ. ಹೊರಮೈ ಬೇಗ ಒಣಗಿ ಕುಗ್ಗುತ್ತದೆ, ಒಳಗೆ ಇನ್ನೂ ತೇವ ಇರುತ್ತದೆ, ಆ ಎಳೆದಾಟದಲ್ಲಿ ಬೆರಳ ಮಡಿಕೆ ಬಿರಿಯುತ್ತದೆ. ಅಂಟೂ ಸಡಿಲವಾಗುತ್ತದೆ.

ಕಾಲುಚೀಲ ಅಪ್ಪಟ ಹತ್ತಿಯದಾದರೆ ಬೆವರು ಹೀರಿ ಅಲ್ಲೇ ಹಿಡಿದಿಟ್ಟುಕೊಳ್ಳುತ್ತದೆ. ಹತ್ತಿಯ ಜೊತೆ ನೈಲಾನ್ ಅಥವಾ ಪಾಲಿಯೆಸ್ಟರ್ ಬೆರೆತ, ಅಡಿಯಲ್ಲಿ ಟವೆಲ್ಲಿನಂಥ ದಪ್ಪ ನೇಯ್ಗೆಯದು ಒಳ್ಳೆಯದು. ಊಟದ ಬಿಡುವಿನಲ್ಲಿ ಚೀಲ ಬದಲಿಸಿ, ಐದು ನಿಮಿಷ ಕಾಲು ಗಾಳಿಗೆ ಬಿಡಿ. ಸಕ್ಕರೆ ಕಾಯಿಲೆ ಇರುವವರು ದಿನವೂ ರಾತ್ರಿ ಅಂಗಾಲು, ಬೆರಳ ಸಂದಿ ನೋಡಿಕೊಳ್ಳಲೇಬೇಕು. ನೋವು ಗೊತ್ತಾಗದ ಕಾಲಿನಲ್ಲಿ ಸಣ್ಣ ಗುಳ್ಳೆ ದೊಡ್ಡ ಹುಣ್ಣಾಗುತ್ತದೆ. ಗುಳ್ಳೆ ಒಡೆದಿದ್ದು ಕಂಡರೆ ತಡ ಮಾಡದೆ ವೈದ್ಯರಿಗೆ ತೋರಿಸಿ.

ಧೂಳು, ಮಣ್ಣು, ಸಿಮೆಂಟು

ಅದಿರಿನ ಕೆಂಪು ಧೂಳು ನೋಡಲು ನುಣುಪು, ಕೆಲಸ ಮಾತ್ರ ಉಪ್ಪುಕಾಗದದ್ದು. ಅಟ್ಟೆ ಮತ್ತು ಚರ್ಮ ಸೇರುವ ಸಂದಿಯಲ್ಲಿ, ನಾಲಗೆಯ ಮಡಿಕೆಯಲ್ಲಿ ಕೂತು, ಪ್ರತಿ ಹೆಜ್ಜೆಗೂ ದಾರವನ್ನು ಸವೆಸುತ್ತದೆ. ದಿನವೂ ಶಿಫ್ಟು ಮುಗಿದ ಮೇಲೆ ಒಣ ಬ್ರಷ್‌ನಿಂದ ಮೇಲ್ಮೈ, ಹಳೆಯ ಟೂತ್‌ಬ್ರಷ್‌ನಿಂದ ಸಂದಿ ಉಜ್ಜಿ. ಎರಡು ನಿಮಿಷದ ಕೆಲಸ. ಎರೆ ಮಣ್ಣು ಇದಕ್ಕೆ ಉಲ್ಟಾ. ಹಸಿಯಾಗಿದ್ದಾಗ ಅಂಟುತ್ತದೆ, ಒಣಗುವಾಗ ಕುಗ್ಗಿ ಚರ್ಮದ ಜಿಡ್ಡನ್ನು ಹೀರಿಕೊಳ್ಳುತ್ತದೆ. ಅದನ್ನು ಒಣಗಲು ಬಿಡದೆ ಕಡ್ಡಿಯಿಂದ ಕೆರೆದು ಒದ್ದೆ ಬಟ್ಟೆಯಲ್ಲಿ ಒರೆಸಬೇಕು.

ಸಿಮೆಂಟು, ಸುಣ್ಣ ಎಲ್ಲಕ್ಕಿಂತ ಕೆಟ್ಟವು. ಹದ ಮಾಡಿದ ಚರ್ಮ ಸ್ವಲ್ಪ ಹುಳಿ ಗುಣದ್ದು, ಸಿಮೆಂಟು ಕಟು ಕ್ಷಾರ. ಎರಡು ಕೂಡಿದರೆ ಹದ ಕೆಟ್ಟು ಚರ್ಮ ಹಪ್ಪಳದಂತೆ ಮುರಿಯುತ್ತದೆ. ಹಾರುಬೂದಿಯೂ ಸಾಮಾನ್ಯವಾಗಿ ಕ್ಷಾರದ ಕಡೆಗೇ ಇರುವುದರಿಂದ ಶಾಖೋತ್ಪನ್ನ ಕೇಂದ್ರದ ಬೂದಿ ವಿಭಾಗದವರಿಗೂ ಇದೇ ಚಿಕಿತ್ಸೆ. ಒಂದು ಲೋಟ ನೀರಿಗೆ ಎರಡು ಚಮಚ ಬಿಳಿ ವಿನೆಗರ್ ಹಾಕಿ, ಬಟ್ಟೆ ಅದ್ದಿ ಹಿಂಡಿ, ಅದೇ ದಿನ ಒರೆಸಿ. ಆಮೇಲೆ ಸಾದಾ ನೀರಿನ ಬಟ್ಟೆಯಲ್ಲಿ ಇನ್ನೊಮ್ಮೆ. ಬೆವರಿನ ಬಿಳಿ ಗೆರೆಗೂ ಇದೇ. ಯೂರಿಯಾ, ಡಿ.ಎ.ಪಿ. ಚೀಲ ಹೊರುವ ಹಮಾಲರು ವಿನೆಗರ್ ಇಲ್ಲದೆ ಸಾದಾ ನೀರಿನ ಬಟ್ಟೆಯಲ್ಲಿ ಎರಡು ಸಲ ಒರೆಸಿದರೆ ಸಾಕು. ಬಟ್ಟೆ ಸೋಪು, ಡಿಟರ್ಜೆಂಟ್ ಕ್ಷಾರವಾದ್ದರಿಂದ ಬೂಟಿಗೆ ಬೇಡ. ತಿಂಗಳಿಗೊಮ್ಮೆ ತೊಳೆಯಲೇಬೇಕಾದರೆ ಅರ್ಧ ಲೀಟರ್ ನೀರಿಗೆ ನಾಲ್ಕು ಹನಿ ತಲೆಗೆ ಹಾಕುವ ಶ್ಯಾಂಪೂ ಸಾಕು.

ಎಣ್ಣೆ: ಎಷ್ಟು, ಯಾವುದು

ಕುಸುಬೆ ಎಣ್ಣೆ, ಅಗಸೆ ಎಣ್ಣೆ ಗಾಳಿಗೆ ಗಟ್ಟಿಯಾಗುವ ಜಾತಿಯವು, ಚರ್ಮದೊಳಗೆ ಸೇರಿ ಬಿರುಸಾಗುತ್ತವೆ. ನಮ್ಮಲ್ಲಿ ಹಿಂದಿನಿಂದ ಚರ್ಮದ ಜೋಡಿಗೆ ಹಚ್ಚುತ್ತ ಬಂದದ್ದು ಔಡಲೆಣ್ಣೆ. ಅದು ಒಣಗದ ಎಣ್ಣೆ, ಆ ಆಯ್ಕೆ ಸರಿಯೇ. ಮನೆಯಲ್ಲೇ ಮುಲಾಮು ಮಾಡಬಹುದು. 20 ಗ್ರಾಂ ಜೇನುಮೇಣ, 50 ಗ್ರಾಂ ಔಡಲೆಣ್ಣೆ ಒಂದು ಸ್ಟೀಲ್ ಬಟ್ಟಲಿಗೆ ಹಾಕಿ, ಬಟ್ಟಲನ್ನು ಬಿಸಿನೀರಿನ ಪಾತ್ರೆಯಲ್ಲಿ ಇಟ್ಟು ಮೇಣ ಕರಗಿಸಿ. ನೇರ ಉರಿಗೆ ಇಡಬೇಡಿ, ಹೊತ್ತಿಕೊಳ್ಳುತ್ತದೆ. ಕಲಕುತ್ತ ಆರಿಸಿ ಡಬ್ಬಿಗೆ ತುಂಬಿ. ಚಳಿಗಾಲಕ್ಕೆ ಎಣ್ಣೆ 60 ಗ್ರಾಂ ಮಾಡಿದರೆ ಹಚ್ಚಲು ಹದವಾಗುತ್ತದೆ.

ಹಚ್ಚುವ ಕ್ರಮ ಹೀಗೆ: ಧೂಳು ತೆಗೆದು, ಒದ್ದೆ ಬಟ್ಟೆಯಲ್ಲಿ ಒರೆಸಿ, ಒಂದು ರಾತ್ರಿ ಆರಿಸಿ. ಒಂದು ಜೊತೆಗೆ ಒಂದು ಟೀ ಚಮಚ, ಸುಮಾರು 5 ಗ್ರಾಂ, ಸಾಕು. ಬೆರಳಿನಿಂದ ತಿಕ್ಕಿ. ಬೆರಳ ಮಡಿಕೆ, ನಾಲಗೆಯ ಮಡಿಕೆ, ಹೊಲಿಗೆಯ ಸಾಲು ಮೊದಲು, ಉಳಿದದ್ದು ಆಮೇಲೆ. ರಾತ್ರಿಯಿಡೀ ಬಿಟ್ಟು ಬೆಳಿಗ್ಗೆ ಒಣ ಬಟ್ಟೆಯಲ್ಲಿ ಮಿಕ್ಕಿದ್ದನ್ನು ಪೂರ್ತಿ ಒರೆಸಿ. ಬೇಸಿಗೆಯಲ್ಲಿ ಮೂರು ವಾರಕ್ಕೊಮ್ಮೆ, ಉಳಿದ ಕಾಲದಲ್ಲಿ ಐದಾರು ವಾರಕ್ಕೊಮ್ಮೆ. ಹೆಚ್ಚು ಹಚ್ಚಿದರೆ ಹೆಚ್ಚು ಒಳ್ಳೆಯದು ಎಂಬುದು ತಪ್ಪು. ಜಿಡ್ಡು ಮೇಲುಳಿದರೆ ಅದಿರಿನ ಧೂಳು ಅದರಲ್ಲಿ ಹಿಡಿದುಕೊಂಡು ಚರ್ಮವನ್ನು ಅರೆಯುತ್ತದೆ, ಚರ್ಮ ಜೋಲಿ ಹೊಡೆದು ಕಾಲುಗಂಟಿಗೆ ಆಸರೆ ಇಲ್ಲದಾಗುತ್ತದೆ. ಲೇಪ ಬಳಿದ ಸ್ಪ್ಲಿಟ್ ಚರ್ಮದೊಳಗೆ ಎಣ್ಣೆ ಇಳಿಯುವುದೇ ಇಲ್ಲ, ಸುಮ್ಮನೆ ದಂಡ. ಸ್ಪಂಜಿನ ಲಿಕ್ವಿಡ್ ಪಾಲಿಶ್ ದಿಢೀರ್ ಹೊಳಪು ಕೊಟ್ಟರೂ ಮೇಲೆ ಪ್ಲಾಸ್ಟಿಕ್ ಪೊರೆ ಕಟ್ಟಿ ಮಡಿಕೆಯಲ್ಲಿ ಬಿರಿಯುತ್ತದೆ. ಡಬ್ಬಿಯ ಮೇಣದ ಪಾಲಿಶ್ ಬಳಸಿ.

ಗ್ಯಾಸ್ ಕಟಿಂಗ್, ವೆಲ್ಡಿಂಗ್, ಕುಲುಮೆಯ ಕೆಲಸದವರು ಎಣ್ಣೆ ಹಚ್ಚಿದ ಮರುದಿನವೇ ಆ ಬೂಟು ಹಾಕಬಾರದು, ಜಿಡ್ಡಿಗೆ ಕಿಡಿ ತಾಗಿದರೆ ಹೊತ್ತುತ್ತದೆ. ಆಕ್ಸಿಜನ್ ಸಿಲಿಂಡರಿನ ವಾಲ್ವ್ ಮುಟ್ಟುವ ಕೈಯಲ್ಲಿ, ಬಟ್ಟೆಯಲ್ಲಿ ಎಣ್ಣೆಯ ಅಂಶ ಇರಲೇಕೂಡದು. ಅವರು ರಜೆಯ ಹಿಂದಿನ ರಾತ್ರಿ ಹಚ್ಚಿ, ರಜೆಯ ದಿನವಿಡೀ ಬಿಟ್ಟು, ಚೆನ್ನಾಗಿ ಒರೆಸಿ ಹಾಕಿಕೊಳ್ಳಲಿ.

ರಿಪೇರಿ

ಅಟ್ಟೆ ಮುಂದೆ ಬಾಯಿ ಬಿಟ್ಟರೆ ಅದೇ ವಾರ ಸರಿ ಮಾಡಿಸಿ. ಒಳಗೆ ಧೂಳು ಸೇರಿದ ಮೇಲೆ ಅಂಟು ಹಿಡಿಯುವುದಿಲ್ಲ. ಸಂದಿಯನ್ನು ಒಣ ಬ್ರಷ್‌ನಿಂದ ತೆಗೆದು, 80 ನಂಬರಿನ ಉಪ್ಪುಕಾಗದದಿಂದ ಎರಡೂ ಮೈ ಒರಟು ಮಾಡಿ, ಥಿನ್ನರ್ ಹಚ್ಚಿದ ಬಟ್ಟೆಯಲ್ಲಿ ಒರೆಸಿ. ರಬ್ಬರ್ ಅಟ್ಟೆಗೆ ನಿಯೋಪ್ರೀನ್ ಸೊಲ್ಯೂಷನ್ ನಡೆಯುತ್ತದೆ, ಪಿ.ಯು. ಅಟ್ಟೆಗೆ ಪಿ.ಯು. ಅಂಟೇ ಬೇಕು. ಪಂಕ್ಚರ್ ಸೊಲ್ಯೂಷನ್ ಪಿ.ಯು. ಮೇಲೆ ನಾಲ್ಕು ದಿನವೂ ನಿಲ್ಲದು. ಎರಡೂ ಮೈಗೆ ತೆಳ್ಳಗೆ ಹಚ್ಚಿ, ಬೆರಳಿಗೆ ಅಂಟದಷ್ಟು ಆರುವವರೆಗೆ, ಹತ್ತು ಹದಿನೈದು ನಿಮಿಷ ಕಾದು, ಒತ್ತಿ ಕೂಡಿಸಿ. ಸೈಕಲ್ ಟ್ಯೂಬನ್ನು ಉದ್ದ ಪಟ್ಟಿಯಾಗಿ ಕತ್ತರಿಸಿ ಬೂಟಿನ ಸುತ್ತ ಎಳೆದೆಳೆದು ಸುತ್ತಿ 24 ಗಂಟೆ ಬಿಡಿ. ಬಾಯಿ 3 ಸೆಂ.ಮೀ.ಗಿಂತ ಉದ್ದವಾದರೆ ಅಂಟಿನ ಜೊತೆ ಹೊಲಿಗೆಯೂ ಬೇಕು. ಮೇಣ ಹಚ್ಚಿದ ನೈಲಾನ್ ದಾರದಲ್ಲಿ, ಎರಡು ಸೂಜಿಯಿಂದ ಎರಡೂ ಕಡೆ ಹಾಯಿಸುವ ಹೊಲಿಗೆ ಹಾಕಿಸಿ. ಒಂದು ಕಡೆ ದಾರ ಹರಿದರೂ ಇಡೀ ಸಾಲು ಬಿಚ್ಚುವುದಿಲ್ಲ. ಹಳೆಯ ತೂತುಗಳಲ್ಲೇ ಹಾಯಿಸಲು ಹೇಳಿ, ಹೊಸ ತೂತು ಹೊಡೆದಷ್ಟೂ ಚರ್ಮ ಅಲ್ಲಿ ಹರಿಯುತ್ತದೆ.

ಹಿಮ್ಮಡಿ ಹೊರಬದಿ ಮಾತ್ರ ಸವೆಯುತ್ತಿದ್ದರೆ 4–5 ಮಿ.ಮೀ. ಸವೆದಾಗಲೇ ರಬ್ಬರ್ ತುಂಡು ಕೂರಿಸಿ. ತಡ ಮಾಡಿದರೆ ಬೂಟು ವಾಲಿ ಮೊಣಕಾಲು ನೋಯಲು ಶುರುವಾಗುತ್ತದೆ. ಅದಕ್ಕೂ ಬೂಟಿಗೂ ಸಂಬಂಧ ಇದೆಯೆಂದು ಬಹಳ ಜನಕ್ಕೆ ಹೊಳೆಯುವುದಿಲ್ಲ. ಇನ್‌ಸೋಲನ್ನು ಆರು ತಿಂಗಳಿಗೊಮ್ಮೆ ಬದಲಿಸಿ. ಹೊಸದು ಹಳೆಯದರಷ್ಟೇ ದಪ್ಪವಿರಲಿ. ದಪ್ಪ ಹೆಚ್ಚಾದರೆ ಕಾಲು ಮೇಲೆದ್ದು ಬೆರಳು ಕ್ಯಾಪಿಗೆ ತಾಗುತ್ತದೆ.

ಕೊಳ್ಳುವಾಗ ಬೆಲೆಯನ್ನು ತಿಂಗಳ ಲೆಕ್ಕದಲ್ಲಿ ನೋಡಿ. ಉದಾಹರಣೆಗೆ 900 ರೂಪಾಯಿಯ ಬೂಟು 6 ತಿಂಗಳು ಬಂದರೆ ತಿಂಗಳಿಗೆ 150, 2,400 ರೂಪಾಯಿಯದು 20 ತಿಂಗಳು ಬಂದರೆ 120. ಕೊಂಡ ದಿನಾಂಕವನ್ನು ನಾಲಗೆಯ ಒಳಗೆ ಪೆನ್ನಿನಲ್ಲಿ ಬರೆದಿಟ್ಟರೆ ಮುಂದಿನ ಸಲ ಯಾವ ಬೂಟು ಎಷ್ಟು ಬಂತೆಂದು ಊಹೆ ಮಾಡಬೇಕಿಲ್ಲ.

ಯಾವಾಗ ಬಿಡಬೇಕು

ಟೋ ಕ್ಯಾಪಿನ ಮೇಲೆ ಒಮ್ಮೆ ಭಾರ ಬಿದ್ದು ತಗ್ಗಾಗಿದ್ದರೆ, ಕಾಲಿಗೆ ಏನೂ ಆಗದಿದ್ದರೂ, ಆ ಬೂಟಿನ ಕೆಲಸ ಮುಗಿಯಿತು. ತಗ್ಗಾದ ಉಕ್ಕು ಎರಡನೇ ಹೊಡೆತಕ್ಕೆ ಬೆರಳಿನ ಮೇಲೆಯೇ ಕುಸಿಯುತ್ತದೆ. ಚರ್ಮ ಸವೆದು ಉಕ್ಕು ಹೊರಗೆ ಕಂಡರೂ ಬದಲಿಸಿ. ಅಟ್ಟೆಯ ಹಲ್ಲು 2 ಮಿ.ಮೀ.ಗಿಂತ ಕಡಿಮೆಯಾದರೆ ಎಣ್ಣೆ ಚೆಲ್ಲಿದ ನೆಲದಲ್ಲಿ ಹಿಡಿತ ಉಳಿಯುವುದಿಲ್ಲ. ಪಿ.ಯು. ಅಟ್ಟೆಯ ಅಂಚನ್ನು ಉಗುರಿನಿಂದ ಒತ್ತಿದಾಗ ಪುಡಿ ಉದುರಿದರೆ ಯಾವ ಅಂಟೂ ಅದನ್ನು ಉಳಿಸದು. ಒಳಗಿನ ಮೊಳೆ ತಡೆಯುವ ತಗಡು ಅಂಗಾಲಿಗೆ ತಾಗುತ್ತಿದ್ದರೆ ಅದೇ ದಿನ ಬಿಡಿ.

ಇಂಥ ಬೂಟನ್ನು ಬಾಗಿಲ ಹೊರಗೆ ಇಟ್ಟರೆ ಯಾರಾದರೂ ಒಯ್ದು ಇನ್ನೊಂದು ಕೆಲಸಕ್ಕೆ ಹಾಕಿಕೊಳ್ಳುತ್ತಾರೆ. ಲೇಸು, ಸರಿಯಿರುವ ಇನ್‌ಸೋಲ್ ತೆಗೆದಿಟ್ಟುಕೊಂಡು, ಲೇಸಿನ ಕಣ್ಣುಗಳ ಉದ್ದಕ್ಕೂ ಚರ್ಮವನ್ನು ಚಾಕುವಿನಿಂದ ಸೀಳಿ ಹಾಕಿ, ಆಮೇಲೆ ಎಸೆಯಿರಿ.